ಎರಡು ತುಂಡಿನ ವಿದಾಯ

ನವೆಂಬರ್ 14, ಸಂಜೆ 6
ಪದಗಳನ್ನು ಉಚ್ಚಾರದ ತುಂಡುಗಳಾಗಿ ಕತ್ತರಿಸಿದೆ, ಬೆರಳು ಮಡಚಿ ಎಣಿಸಿದೆ, ದನಿ ಏರಿಸಬೇಕಾದ ತುಂಡಿಗೆ ಒತ್ತು ಇಟ್ಟೆ. ಕಾರ್ನಿವಲ್ ಮೇಳ ಆಟದ ಕೊನೆಗೆ ಹಾಡುವ ವಿದಾಯದ ಹಾಡು ಸಿದ್ಧ. ಮೂವತ್ತು ವರ್ಷ ಸ್ಪ್ಯಾನಿಷ್ ಕಲಿಸಿ ರಿಟೈರ್ ಆದವನಿಗೆ ಮೊಂಟೆವಿಡಿಯೊದಲ್ಲಿ ಬೇರೆ ಕೆಲಸವಾದರೂ ಏನು? ಎಲ್ಲ ಪದಕ್ಕೂ ಒತ್ತು ಕೊಟ್ಟೆ. ನನ್ನ ಒತ್ತಿಗೆ ಕೂರುವವರಿಲ್ಲ. ಮಾತೆ ಸೊಪ್ಪಿನ ಕಷಾಯ ಒಬ್ಬನೇ ಹೀರಿದೆ. ಮಾತೆ ಇದೆ, ಮಾತಿಲ್ಲ.

ಡಿಸೆಂಬರ್ 3
ಕ್ಲಬ್ಬಿನಲ್ಲಿ ತಾಲೀಮು. ವಾರಕ್ಕೆ ಮೂರು ಸಂಜೆ — ನಾನು ಮನುಷ್ಯರ ದನಿ ಕೇಳುವುದು ಅಲ್ಲೇ.
ಮಿಲ್ಟನ್ ರಾಗ ಬದಲಾಯಿಸಿದ್ದಾನೆ! ಈಗ ಮೇಳದ ನಾಯಕ. ಹಿಂದೆ ನನ್ನ ಕ್ಲಾಸಲ್ಲಿ ಮೂರು ಸಲ ಡುಮ್ಕಿ. ವಿದಾಯ ಹೇಳುವ 'ಅದ್ಯೋಸ್' ಪದವನ್ನು ಅ-ದೀ-ಓಸ್ ಅಂತ ಮೂರು ತುಂಡು ಮಾಡಿ ನಡುವಿನದಕ್ಕೆ ಗುದ್ದುತ್ತಾರೆ.
"ಎರಡೇ ತುಂಡು ಕಣೋ. ಒತ್ತು ಕೊನೇದಕ್ಕೆ."
"ಹೋಗೋಕೆ ಮನಸ್ಸಿಲ್ಲದವರು ಎಳೀತಾರೆ ಮೇಷ್ಟ್ರೇ. ಬಿಡಿ."
"ನಿನ್ನ ಮೂರು ಸಲ ಫೇಲ್ ಮಾಡಿದ್ದು ಸಾಲದಾಯ್ತು."
"ಅದಕ್ಕೇ ಮೂರು ಮಾಡಿದೀನಿ!"
ಮೇಳಕ್ಕೆ ಮೇಳವೇ ನಕ್ಕಿತು. ನಾನು ನಗಲಿಲ್ಲ. "ಹಾಗಾದ್ರೆ ಹಾಡಿಂದ ನನ್ನ ಹೆಸರು ತೆಗೆದುಹಾಕು" ಅಂದು ಎದ್ದು ಬಂದೆ.

ಡಿಸೆಂಬರ್ 5
ತಾಲೀಮಿಗೆ ಹೋಗಲಿಲ್ಲ. ಕರೆಯೋಕೆ ಬರ್ತಾರೆ. ಬೇಕರಿಯಿಂದ ಸಿಹಿ ಬನ್ನು ತಂದಿಟ್ಟೆ, ಅರ್ಧ ಕಿಲೋ.

ಡಿಸೆಂಬರ್ 12
ಒಬ್ಬನೇ ತಿಂದೆ. ಕೊನೇ ಬನ್ನು ಕಲ್ಲಾಗಿತ್ತು.

ಜನವರಿ 20
ಹಾಡಿನ ಪುಸ್ತಿಕೆ ಅಚ್ಚಾಗಿದೆ. ಪೇಪರ್ ಅಂಗಡೀಲಿ ತಿರುವಿ ನೋಡಿದೆ. ನನ್ನ ಹೆಸರಿಲ್ಲ. ಮಿಲ್ಟನ್ ನನ್ನ ಮಾತು ಕೇಳಿದ್ದು ಜೀವಮಾನದಲ್ಲಿ ಇದೇ ಮೊದಲು... ಕತ್ತೆ.

ಫೆಬ್ರವರಿ 9
ನಮ್ಮ ಬೀದಿಯ ಬಯಲು ವೇದಿಕೆ. ಟಿಕೆಟ್ ಕೊಂಡು ಹಿಂದೆ ನಿಂತೆ, ಅಪರಿಚಿತನ ಹಾಗೆ. ನನ್ನ ಹಾಡು ಬಂತು. ಅ-ದೀ-ಓಸ್... ಪಕ್ಕದ ಹೆಂಗಸು ಅಳುತ್ತಿದ್ದಳು. ತಪ್ಪು ಒತ್ತಿಗೇ ಅಳುತ್ತಿದ್ದಳು!
ಎಂದಿನಂತೆ ಮೇಳ ಹಾಡುತ್ತಲೇ ವೇದಿಕೆ ಇಳಿದು ಜನರ ನಡುವೆ ಹಾದು ಬಂತು. ಹಾಡು ನಿಲ್ಲಿಸುವಂತಿಲ್ಲ, ಯಾರನ್ನೂ ಮಾತಾಡಿಸುವಂತಿಲ್ಲ. ಬಣ್ಣ ಬಳಿದ ಮುಖದ ಮಿಲ್ಟನ್ ನನ್ನ ನೋಡಿದ. ಬಾಯಲ್ಲಿ ಹಾಡು, ತಲೆಯ ಮೇಲೆ ಗರಿಯ ಟೋಪಿ — ತೆಗೆದು ನನ್ನ ತಲೆಗೆ ಒತ್ತಿ ಮುಂದೆ ಹೋದ.

ಫೆಬ್ರವರಿ 10, ಮಧ್ಯಾಹ್ನ
ಟೋಪಿ ಮೇಜಿನ ಮೇಲಿದೆ. ಇವತ್ತಿನ ಆಟ ಏಳಕ್ಕೆ. ಬರಿತಲೇಲಿ ವೇದಿಕೆ ಹತ್ತೋ ಹಾಗಿಲ್ಲ ಅವನು. ಕ್ಲಬ್ಬಿನಿಂದ ಮೇಳದ ಬಸ್ಸು ಆರಕ್ಕೆ. ಶರ್ಟು ಇಸ್ತ್ರಿ ಮಾಡಿದೆ. ಹೋಗಿ ಕೊಡ್ತೀನಿ. ಕೊಟ್ಟು ಸೀದಾ ವಾಪಸ್ — ಅಥವಾ, ಬಸ್ಸಲ್ಲಿ ಜಾಗ ಇದ್ರೆ