ಇನ್ನೂ ಎಷ್ಟು ಸರ್ವಿಸ್ ಇದೆ?

ಜಿಗಣಿ
೨೭ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಅಮ್ಮನ ಸನ್ನಿಧಾನಕ್ಕೆ,

ಸಮಸ್ತ ನಾಗರಿಕರ ಗಮನಕ್ಕೆ ತರುವುದೇನೆಂದರೆ, ಈ ರೂಮಿನ ಕುಕ್ಕರಿನ ಗ್ಯಾಸ್ಕೆಟ್ಟು ಸುದೀರ್ಘ ಹಾಗೂ ನಿಷ್ಕಳಂಕ ಸೇವೆಯ ನಂತರ, ಇಂದು ಬೆಳಿಗ್ಗೆ ಬೇಳೆ ಬೇಯುವ ಮುನ್ನವೇ ನಿವೃತ್ತಿ ಹೊಂದಿದೆ. ಹಾರ, ಶಾಲು ಏನೂ ಇರಲಿಲ್ಲ. ನನ್ನ ರೂಮ್‌ಮೇಟ್ ದಿವ್ಯಾ ಅದಕ್ಕೊಂದು ನಮಸ್ಕಾರ ಹಾಕಿ, ಬನ್ನು ತರಲು ಹೋದಳು.

ಸೇವೆ ಎಂಬ ಮಾತು ಬಂತಲ್ಲ, ಅದರ ಬಗ್ಗೆಯೇ ಬರೆಯಬೇಕಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು "ಬಾಗಿಲಲ್ಲಿ ಯಾರೋ ಬಂದ್ರು ಕಣೇ" ಎಂದು ಇಟ್ಟುಬಿಡುತ್ತೀಯ. ವಾಟ್ಸಾಪಿನಲ್ಲಿ ಹಾಕಿದರೆ ನಿನಗಿಂತ ಮೊದಲು ಅಪ್ಪ ಓದುತ್ತಾರೆ. ಹಾಗಾಗಿ ಈ ಪತ್ರ, ಸಂಜೆ ನಿಮ್ಮ ಪೀಣ್ಯದ ಕಡೆ ಹೊರಟಿರುವ ದಿವ್ಯಾಳ ಕೈಯಲ್ಲಿ.

ನನ್ನ ವಯಸ್ಸಿನ ಹುಡುಗ ಹುಡುಗಿಯರು ಒಂದು ವರ್ಷ ಸರ್ಕಾರಿ ಶಾಲೆಯ ಮಕ್ಕಳಿಗೆ ಓದು ಕಲಿಸುವ ಸಂಸ್ಥೆ ಇದು ಎಂದು ನಾನು ಸೇರುವಾಗಲೇ ವಿವರಿಸಿದ್ದೆ. ನಿನ್ನ ಕಿವಿಗೆ ಬಿದ್ದದ್ದು ಎರಡೇ ಪದ: 'ನ್ಯಾಷನಲ್ ಸರ್ವಿಸ್'. ಜೀವನವೆಲ್ಲ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಕಳೆದವಳಿಗೆ ಸರ್ವಿಸ್ ಎಂದರೆ ಪಿ.ಎಫ್., ಗ್ರ್ಯಾಚುಯಿಟಿ, ಸಬ್ಸಿಡಿ ಕ್ಯಾಂಟೀನು. ನನ್ನನ್ನು ನೋಡಲು ಬಂದ ಶ್ರೀಕರ್ ಮನೆಯವರಿಗೆ ನೀನು "ಹುಡುಗಿ ನ್ಯಾಷನಲ್ ಸರ್ವಿಸಲ್ಲಿದಾಳೆ" ಎಂದೆ. ಅದರಲ್ಲಿ ಸುಳ್ಳಿಲ್ಲ. ಅವರು "ಸೆಂಟ್ರಲ್ಲಾ?" ಎಂದಾಗ ತಲೆದೂಗಿ ಕೇಸರಿಬಾತು ಬಡಿಸಿದೆಯಲ್ಲ, ಸುಳ್ಳು ಇದ್ದದ್ದು ಆ ಕೇಸರಿಬಾತಿನಲ್ಲಿ. ನಾನೂ ಅಲ್ಲೇ ಕೂತು, ಶ್ರೀಕರ್ ಕಡೆ ಕಳ್ಳನೋಟ ಹಾಕುತ್ತ ದ್ರಾಕ್ಷಿ ಆರಿಸುತ್ತಿದ್ದೆ. ಹುಡುಗ ಹಿಡಿಸಿದ್ದಾನೆ, ಅಮ್ಮ. ಕಷ್ಟ ಅಲ್ಲೇ ಇರುವುದು. ಹಿಡಿಸದಿದ್ದರೆ ಇದನ್ನೆಲ್ಲ ಕಾಲು ಚಾಚಿಕೊಂಡು ಬರೆಯುತ್ತಿದ್ದೆ.

ನಿನ್ನೆ ಶ್ರೀಕರ್ ತಂದೆ ಶಿವಶಂಕರ್ ಅವರು ಶಾಲೆಗೆ ಬಂದರು. ಬೊಮ್ಮಸಂದ್ರದಲ್ಲಿ ಯಾರನ್ನೋ ನೋಡಲು ಬಂದವರು, ಹಾಗೇ ಭಾವೀ ಸೊಸೆಯ ಆಫೀಸನ್ನೂ ನೋಡೋಣವೆಂದು. ನಾನು ಹಳದಿ ಟೀ ಶರ್ಟಿನಲ್ಲಿ ಐದನೇ ಕ್ಲಾಸಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದೆ: ಕಪ್ಪೆ ಎಂದರೆ ಮಕ್ಕಳದು ಒಂದು ಕುಪ್ಪಳ, ಹಪ್ಪಳ ಎಂದರೆ ಇನ್ನೊಂದು. ಅವರು ಭಾರತ ಸರ್ಕಾರದ ಬೋರ್ಡಿಗಾಗಿ ಗೋಡೆಯನ್ನೆಲ್ಲ ಹುಡುಕಿದರು. ಸಿಕ್ಕಿದ್ದು ಬಿಸಿಯೂಟದ ಪಟ್ಟಿ.

ಕಲ್ಲಿನ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಬಂದವರ ಮಗಳು ಶರಣಮ್ಮ ಬಂದವರನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಇನ್ಸ್‌ಪೆಕ್ಟರೇನ್ರೀ ಅಕ್ಕಾರ?" ಎಂದಳು.

ಅವರು ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತರು. ಕ್ವಾರ್ಟರ್ಸಿನ ಗಂಡಸರು ಒಬ್ಬರನ್ನೊಬ್ಬರು ವಿಚಾರಿಸುವ ಹಾಗೆಯೇ ಕೇಳಿದರು: "ಇನ್ನೂ ಎಷ್ಟು ಸರ್ವಿಸ್ ಇದೆಯಮ್ಮ?"

"ನಾಲ್ಕು ತಿಂಗಳು ಸಾರ್."

"ಇಷ್ಟು ಬೇಗ ವಿ.ಆರ್.ಎಸ್ಸಾ?"

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ನಿನ್ನೆ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟೆ. ಇದು ನೌಕರಿಯಲ್ಲ, ಕೊಡುವ ದುಡ್ಡು ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ ಎಂದು ಒಂದೇ ಉಸಿರಿಗೆ ಒದರಿದೆ. "ನಿಮ್ಮಮ್ಮ ಸೆಂಟ್ರಲ್ ಅಂದ್ರಲ್ಲ" ಎಂದರು. ಅದಕ್ಕೊಂದು ಜೋಕು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರ ಹುಬ್ಬು ನೋಡಿ ವಾಪಸು ಹೋಯಿತು.

ನಾನು ತರಿಸಿದ್ದ ಟೀ ಅರ್ಧಕ್ಕೇ ಬಿಟ್ಟು ಎದ್ದರು. ಗೇಟಿನ ಹತ್ತಿರ ನಿಂತು, ದನಿ ಏರಿಸದೆ ಹೇಳಿದರು: "ಪೆನ್ಷನ್ ಇಲ್ಲದ ಸೊಸೆ ಬಗ್ಗೆ ಮನೇಲಿ ಕೂತು ಮಾತಾಡ್ಬಹುದು. ಸುಳ್ಳು ಹೇಳೋ ಬೀಗರ ಹತ್ರ ಏನಮ್ಮ ಮಾತಾಡೋದು? ನಾನಿಲ್ಲಿಗೆ ಬಂದಿದ್ದು ಯಾರಿಗೂ ಹೇಳಲ್ಲ. ಶನಿವಾರದೊಳಗೆ ನಿಮ್ಮಮ್ಮನೇ ಫೋನ್ ಮಾಡಿ ನಿಜ ಹೇಳಲಿ. ಮಾಡ್ಲಿಲ್ಲ ಅಂದ್ರೆ ಭಾನುವಾರ ಹೂ ಮುಡಿಸೋಕೆ ನಾವು ಬರಲ್ಲ."

ಇಷ್ಟೇ ವಿಷಯ. ಹೂವಿನವಳಿಗೆ ಹೇಳುವ ಮೊದಲು ಆ ಫೋನು ಮಾಡು, ಅಮ್ಮ. "ತಪ್ಪಾಯ್ತು" ಎನ್ನಲು ಬಾಯಿ ಬಾರದಿದ್ದರೆ "ಕೇಳಿಸ್ಕೊಳ್ಳೋದ್ರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಯ್ತು" ಎನ್ನು. ನಿಜ ಕೇಳಿದ ಮೇಲೂ ಅವರು ಬೇಡ ಎನ್ನಬಹುದು. ಎಂದರೆ ನಾನು ಅತ್ತೇ ಅಳುತ್ತೇನೆ, ಅದಕ್ಕೆ ನೀನು ಹೆದರಬೇಡ. ಫೋನು ಮಾಡದೆ ಕೂತರೆ ಅಳಲೂ ನನಗೆ ಮುಖವಿರುವುದಿಲ್ಲ.

ಇಂತಿ,
ಯಾವ ಸರ್ಕಾರಕ್ಕೂ ಸೇರದ ನಿನ್ನ ಮಗಳು,
ಸುಕೃತಿ

ತಾ.ಕ.: ಅವರಿಗೆ ನಾಲ್ಕು ತಿಂಗಳು ಎಂದೆನಲ್ಲ, ಅದು ನಿಜವಲ್ಲ. ಇನ್ನೊಂದು ವರ್ಷ ಇಲ್ಲೇ ಇರುತ್ತೇನೆಂದು ಸೋಮವಾರವೇ ಸಂಸ್ಥೆಗೂ ಮಕ್ಕಳಿಗೂ ಹೇಳಿಯಾಗಿದೆ. ಬೀಗರ ಮುಖ ನೋಡಿದ ಮೇಲೆ ಧೈರ್ಯ ಬರಲಿಲ್ಲ. ಅವರು ಹೋದ ಮೇಲೆ ಶರಣಮ್ಮ ಪುಸ್ತಕ ಮುಚ್ಚಿ, "ಅವ್ರ ಮುಂದ ಒಂದು, ನಮ್ಮ ಮುಂದ ಒಂದು ಯಾಕ ಹೇಳ್ತೀರಿ ಅಕ್ಕಾರ?" ಎಂದಳು. ನಾನು ಬೋರ್ಡು ಒರೆಸಿದೆ. ಹೇಗಿದ್ದರೂ ನೀನು ಫೋನು ಮಾಡುತ್ತೀಯ. ನಾಲ್ಕಲ್ಲ, ಹದಿನಾರು ಎಂದು ಅದನ್ನೂ ತಿದ್ದಿಬಿಡುತ್ತೀಯಾ?