ಎದೆಹಾಲಿಗೆ ಲೆಕ್ಕವಿಲ್ಲದ ಗಡೀಪಾರು

ಗಡಿ ಜಿಲ್ಲೆಯ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮ ಫಲಾಹ್‌ನನ್ನು ಕೊಂದವನ ತಾಯಿಯನ್ನು ನೀವು ಊರಿನಿಂದ ಹೊರಗೆ ಹಾಕಿದ್ದೀರಿ. ನಮ್ಮ ಮನೆಯವರಿಗೆ ಸಮಾಧಾನವಾಗಲೆಂದು ಹಾಗೆ ಮಾಡಿದಿರಂತೆ. ಆಕೆಯನ್ನು ವಾಪಸು ಕರೆಸಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಕೇಳಿದ್ದಾಯಿತು, ನಿಮ್ಮ ಕಚೇರಿಯ ಚಹಾ ಚೆನ್ನಾಗಿರುತ್ತದೆ.

ನಿಮ್ಮ ವರದಿ ನಡೆದದ್ದನ್ನು 'ನೆರೆಹೊರೆಯ ಜಗಳ' ಎಂದು ಮುಗಿಸಿದೆ. ಇರಾಕಿನ ಗಡಿಗೆ ಅಂಟಿಕೊಂಡ ನಮ್ಮ ಊರು ಬೀರ್ ಸಿದ್ರದಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಫಲಾಹ್‌ನ ಜನರೇಟರು ಪಕ್ಕದ ಹಾಯಿಲ್‌ನ ಕಿಟಕಿಗೆ ಹೊಗೆ ಉಗುಳುತ್ತಿತ್ತು. ಫಲಾಹ್‌ನ ಮನೆಯಲ್ಲಿ ನಾವೆಲ್ಲ ಒಲೆಯ ಸುತ್ತ ಇದ್ದಾಗ ಹಾಯಿಲ್ ಬಂದು ಕೂತ, ಕೊಟ್ಟ ಕಾಫಿಯನ್ನು ಕುಡಿಯದೆ ಮುಂದಿಟ್ಟ. ಹಾಗಿಟ್ಟರೆ ಏನೋ ಕೇಳಲು ಬಂದಿದ್ದಾನೆಂದು ಅರ್ಥ. ಮನೆಯವನು 'ಕುಡಿ' ಎಂದರೆ ಕೇಳಿದ್ದನ್ನು ಕೊಟ್ಟಂತೆ.

"ಅದನ್ನ ಆ ಕಡೆ ಸರಿಸೋ. ಅಮ್ಮನ ಕೆಮ್ಮು ನಿಲ್ತಿಲ್ಲ. ನಿನಗೂ ಅಮ್ಮನೇ ತಾನೆ?"

"ನಿನಗಿಂತ ಜಾಸ್ತಿ ಹಾಲು ಕುಡಿದೋನು ನಾನು. ಅದಕ್ಕೇ ನೀನು ಹೀಗೆ ಒಣಕಲಾಗಿರೋದು," ಎಂದ ಫಲಾಹ್.

ಎಲ್ಲರೂ ನಕ್ಕರು, ಹಾಯಿಲ್ ಕೂಡ.

"ಈಗ ಕುಡಿ ಅಂತೀಯೋ ಇಲ್ವೋ?"

"ಆರಿಹೋಯ್ತಲ್ಲೋ," ಎಂದು ಫಲಾಹ್ ಬಟ್ಟಲನ್ನೆತ್ತಿ ಬೂದಿಗೆ ಸುರಿದ. ತಮಾಷೆಗೇ ಸುರಿದ, ಬಿಸಿಯದನ್ನು ಬಗ್ಗಿಸಲು ಇನ್ನೊಂದು ಕೈ ಆಗಲೇ ಹೂಜಿಯ ಮೇಲಿತ್ತು. ಕೇಳಲು ಬಂದವನ ಕಾಫಿಯನ್ನು ನಮ್ಮಲ್ಲಿ ತಮಾಷೆಗೂ ಚೆಲ್ಲುವಂತಿಲ್ಲ, ಅದು ಅವನ ಮುಖಕ್ಕೆ ಉಗಿದಂತೆ. ಹಾಯಿಲ್ ಎದ್ದು ಹೋದ. ಬಂದೂಕು ಹಿಡಿದು ಬಂದ. ಈಗ ಜೈಲಿನಲ್ಲಿದ್ದಾನೆ, ತಪ್ಪೊಪ್ಪಿಕೊಂಡಿದ್ದಾನೆ. ಅವನ ಪರವಾಗಿ ನಾನೇನೂ ಕೇಳುತ್ತಿಲ್ಲ.

ಆ ಹಾಲಿನ ಮಾತು ಬರಿಯ ಹಾಸ್ಯವಲ್ಲ. ಫಲಾಹ್‌ನನ್ನು ಹೆತ್ತು ನಮ್ಮಮ್ಮ ಜ್ವರದಲ್ಲಿ ಮಲಗಿದಾಗ ಉಮ್ ಹಾಯಿಲ್, ಅಂದರೆ ಹಾಯಿಲ್‌ನ ತಾಯಿ, ತನ್ನ ಕೂಸಿನ ಜೊತೆಗೆ ಅವನಿಗೂ ಎದೆ ಕೊಟ್ಟು ಬೆಳೆಸಿದಳು. ನಮ್ಮ ಧರ್ಮದಲ್ಲಿ ಅವರಿಬ್ಬರೂ ಅಣ್ಣತಮ್ಮಂದಿರೇ.

ಕೊಲೆಯಾದ ಸಂಜೆಯೇ ಕೊಂದವನ ಕುಲವನ್ನು ಐದು ತಲೆಮಾರಿನವರೆಗೆ ಎಣಿಸಿ, ತೊಟ್ಟಿಲ ಕೂಸುಗಳ ಸಮೇತ ಲಾರಿಗೆ ಹತ್ತಿಸಿದಿರಿ. ಇದು ನಮ್ಮದೇ ಸಂಪ್ರದಾಯ ಎಂದಿರಿ. ಹೌದು. ಗುಡಾರದ ಕಾಲದಲ್ಲಿ ಕೊಲೆಗಾರನ ಬಳಗ ಗುಡಾರ ಕಿತ್ತು ಒಂಟೆಗೆ ಹೇರಿ ದೂರ ಹೋದರೆ ಸಿಟ್ಟು ಆರಲು ಕಾಲ ಸಿಗುತ್ತಿತ್ತು. ರಾಜಧಾನಿ ಅಮ್ಮಾನಿನಲ್ಲಿ ಕಾನೂನು ಓದಿದ ಮಾನ್ಯರೇ, ಸಿಮೆಂಟಿನ ಮನೆಯನ್ನು ಯಾವ ಒಂಟೆಗೆ ಹೇರುತ್ತೀರಿ? ರಕ್ತವನ್ನು ಐದು ತಲೆಮಾರು ಎಣಿಸಿದ ನಿಮಗೆ ಹಾಲನ್ನು ಒಂದು ತಲೆಮಾರು ಎಣಿಸಲು ಆಗಲಿಲ್ಲವೇ? ಒಬ್ಬ ಮಗ ಸತ್ತ, ಇನ್ನೊಬ್ಬ ಕೊಂದ. ಸೂತಕದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕೂರಬೇಕಾದವಳು ಲಾರಿಯಲ್ಲಿ ಕೂತಳು.

ಮೊನ್ನೆ ಆಕೆ ಫೋನು ಮಾಡಿದ್ದಳು. ಯಾವುದೋ ಊರಾಚೆಯ ಒಂದೇ ಕೋಣೆ. ಉಸಿರಿಗೊಮ್ಮೆ ಮಾತು ನಿಲ್ಲುತ್ತಿತ್ತು.

"ಫಲಾಹ್‌ನ ಗೋರಿ ಮೇಲೆ ಕಲ್ಲು ಹೇರಿದ್ರೇನೋ? ಅಲ್ಲಿ ಗಾಳಿ ಜಾಸ್ತಿ, ಮಣ್ಣು ನಿಲ್ಲಲ್ಲ."

"ಹೂಂ ಅತ್ತೆ."

"ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು. ನೀನು ಬೇಡ ಅಂದ್ರೆ ಬರಲ್ಲ."

ನಾನು ಬೇಡ ಎನ್ನಲಿಲ್ಲ. ಬಾ ಎನ್ನಲೂ ಇಲ್ಲ.

ನೊಂದವರು ಒಪ್ಪಿದರೆ ನೋಡೋಣ ಎಂದಿರಿ. ಚಿಕ್ಕಪ್ಪನನ್ನು ಕೇಳಿದರೆ, "ಸರ್ಕಾರದ ಆಜ್ಞೆ ಕಣಪ್ಪಾ, ನಾವ್ಯಾರು?" ಎಂದು ಜಪಮಣಿ ಎಣಿಸುತ್ತಾನೆ. ನೀವು ನಮ್ಮ ಗಡ್ಡದ ಹಿಂದೆ ಅಡಗಿದ್ದೀರಿ, ನಾವು ನಿಮ್ಮ ಮೊಹರಿನ ಹಿಂದೆ. ಎಷ್ಟು ಅನುಕೂಲದ ಜಾಗ.

ಸತ್ತವನ ಹಿರಿಯಣ್ಣನಾಗಿ ನಾನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ: ನನಗೆ ಒಪ್ಪಿಗೆ ಇದೆ. ಆಕೆ ಬದುಕಿರುವಾಗಲೇ ಆಜ್ಞೆ ರದ್ದು ಮಾಡಿ. ಇಲ್ಲವಾದರೆ 'ನೊಂದವರಿಗಾಗಿ' ಎಂಬ ಮಾತನ್ನಾದರೂ ಅದರಿಂದ ಹೊಡೆದು ಹಾಕಿ.

ದಿನ ಮಾತ್ರ ಮುಂಚೆ ತಿಳಿಸಿ. ಆಕೆಯ ನಡುಮನೆಯಲ್ಲಿ ಈಗ ನಮ್ಮ ಆಡುಗಳನ್ನು ಕಟ್ಟಿದ್ದೇವೆ. ಗುಡಿಸಿ ತೊಳೆಯಬೇಕು.

ಇಂತಿ, ತಲೆಯೆತ್ತಲಾರದೆ,
ನಿಮ್ಮ ಕಡತದ ನೊಂದ ಪಕ್ಷ,
ಬೀರ್ ಸಿದ್ರ