ಕತ್ತಿ ಪಕ್ಷದ ಗುರುಗಳಿಗೆ

ಗುರುಗಳೇ,

ಹೋದ ಮೇಲೆ ಯಾವ ಪಕ್ಷ ಸೇರಿದಿರಿ? ಅಲ್ಲಿ ಪಿತೃಪಕ್ಷ ಒಂದೇ ಇದ್ದರೆ ನಿಮಗೆ ತಡೆಯುವುದಿಲ್ಲ. ಇಷ್ಟರಲ್ಲೇ ವಿರೋಧ ಪಕ್ಷ ಕಟ್ಟಿರುತ್ತೀರಿ.

ಆಳಂದದ ನಮ್ಮ ಕಾಲೇಜಿನಲ್ಲಿ ಅಮೆರಿಕದ ಸರ್ಕಾರದ ಪಾಠ ಮಾಡಿದ್ದು ನೆನಪಿದೆಯೇ? ತುರ್ತು ಪರಿಸ್ಥಿತಿಯ ಕಾಲ. ಪತ್ರಿಕೆಗಳು ಸರ್ಕಾರಕ್ಕೆ ತೋರಿಸಿಯೇ ಅಚ್ಚಾಗುತ್ತಿದ್ದವು. "ಅಲ್ಲಿ ದೊಡ್ಡ ಪಕ್ಷ ಎರಡ ಅದಾವ. ಒಂದರ ಗುರ್ತು ಆನಿ, ಇನ್ನೊಂದರದು ಕತ್ತಿ. ಯಾವುದು ಆರಿಸಿ ಬಂದ್ರೂ ಪೇಪರ್‌ನವರ ಬಾಯಿ ಕಟ್ಟೂಹಂಗಿಲ್ಲ" ಎಂದಿರಿ. ನಮ್ಮ ಕಡೆಯ ಬಾಯಲ್ಲಿ ಕತ್ತೆ ಕತ್ತಿಯಾಗುತ್ತದೆ, ಸರಿ. ಆದರೆ ನನ್ನ ಸಹಪಾಠಿ, ಖಜೂರಿಯ ಹಸನ್ ಮನೆಯಲ್ಲಿ ಉರ್ದು ಆಡಿ, ಕನ್ನಡವನ್ನು ಪುಸ್ತಕದಿಂದ ಕಲಿತವನು. ನಮ್ಮ ಗೋಡೆಪತ್ರಿಕೆಯಲ್ಲಿ ಆನೆಯ ಎದುರು ಫಳಫಳಿಸುವ ತಲವಾರ್ ಬರೆದುಬಿಟ್ಟ. ಕೆಳಗೆ ನನ್ನ ಶೀರ್ಷಿಕೆ: 'ಈ ಸಲ ಕತ್ತಿಗೇ ಮತ!'

ಪ್ರಿನ್ಸಿಪಾಲರು ಓಡಿ ಬಂದ ಪರಿ...

"ಏನ್ರಿ ಮಾಸ್ತರ, ಹುಡುಗರಿಗೆ ತಲವಾರ್ ಹಿಡಿಯೂದು ಕಲಸಾಕತ್ತೀರಿ?"

"ಸಾಹೇಬರ, ಅದು ಕತ್ತಿ ಅಲ್ರಿ, ಕತ್ತಿ!"

"ನಾನೂ ಅದನ್ನ ಹೇಳಾಕತ್ತೇನಿ!"

"ಅಯ್ಯ, ಒದರತದಲ್ರೀ, ಆ ಕತ್ತಿ!"

"ಯಾ ಅಲ್ಲಾ, ಗಧಾ?" ಎಂದು ಹಸನ್ ತಲೆ ಹಿಡಿದುಕೊಂಡ. ಎಲ್ಲರೂ ನಕ್ಕೆವು, ಪ್ರಿನ್ಸಿಪಾಲರೊಬ್ಬರನ್ನು ಬಿಟ್ಟು. ಅವರು ಹಾಳೆ ಹರಿದು, ಇನ್ನು ತಮ್ಮ ಸಹಿ ಇಲ್ಲದೆ ಗೋಡೆಗೆ ಏನೂ ಹಚ್ಚಕೂಡದು ಎಂದರು. ಆಗ ನೀವು ನಗು ನಿಲ್ಲಿಸಿದಿರಿ. "ಮೊದಲ ತೋರಿಸಿ ಬರೆಯೂದಾದ್ರ ಅದು ಪತ್ರಿಕಿ ಅಲ್ರೀ, ಅರ್ಜಿ."

ಆ ಒಂದು ಮಾತಿಗೆ ನಿಮ್ಮನ್ನು ಜೇವರ್ಗಿಗೆ ಎತ್ತಿ ಹಾಕಿದರು. ಮುಂದೆ ಜನ ಓಟು ಹಾಕಿ ದಿಲ್ಲಿಯ ಸರ್ಕಾರವನ್ನೇ ಬದಲಿಸಿದರು. ನಮ್ಮ ಗೋಡೆಯ ತುರ್ತು ಪರಿಸ್ಥಿತಿ ಮಾತ್ರ ಮುಗಿಯಲಿಲ್ಲ. ನೀವು ಕಣ್ಣು ಮುಚ್ಚುವವರೆಗೂ ಅದನ್ನೇ ಕೇಳುತ್ತಿದ್ದಿರಲ್ಲ, "ಗೋಡಿ ಬಿಡುಗಡೆ ಆತೇನೋ?"

ಸುದ್ದಿ ಕೇಳಿ. ಆ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಮೊನ್ನೆ ಕರಜಗಿಯ ವಿದ್ಯಾರ್ಥಿನಿ ಶರಣಮ್ಮ ಸಹಿಗೆಂದು ಹಾಳೆ ತಂದಳು. ತಲೆಬರಹ: 'ಹಾಸ್ಟೆಲ್ ನಳದಾಗ ನೀರಿಲ್ಲ, ಸಾಹೇಬರ ಭಾಷಣದಾಗ ಬರೇ ನೀರು'. ಮೈ ಉರಿಯಿತು, ಸುಳ್ಳೇಕೆ? ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿದೆ.

"ಸಹಿ ಬ್ಯಾಡವ್ವ. ಇನ್ನ ಯಾರೂ ತೋರಿಸೂದು ಬ್ಯಾಡ. ಹೋಗಿ ಹಚ್ಚು."

"ನಿಮ್ಮ ಬಗ್ಗೆನ ಅದರೀ ಸರ!"

"ಅದಕ್ಕ ಅಂದೆ. ಗೋಂದು ಅದ ಇಲ್ಲೋ?"

ಮಧ್ಯಾಹ್ನ ಗೋಡೆಯ ಮುಂದೆ ಇಡೀ ಕಾಲೇಜೇ ನೆರೆದು ನಗುತ್ತಿತ್ತು. ನಾನೂ ನಿಂತು ಓದಿದೆ. ಕಾಗುಣಿತ ತಪ್ಪಿತ್ತು, ತಿದ್ದಲಿಲ್ಲ.

ನಳ ನಾಳೆ ಸರಿಯಾಗುತ್ತದೆ, ಗುರುಗಳೇ. ರಿಪೇರಿಯವನಿಗೆ ಹೇಳಿ ಕಳಿಸಿದ್ದೇನೆ. ಭಾಷಣದ ಬಗ್ಗೆ ಮಾತು ಕೊಡಲಾರೆ.